ಸದ್ದಿಲ್ಲದ ಲೀನಿಯರ್ ಸ್ವಿಚ್: ಕನ್ನಡ ಟೈಪಿಸುವವರು ಆರಿಸಿಕೊಳ್ಳುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಳಭಾಗದಲ್ಲಿರುವ ನಮ್ಮ ಮನೆ ಹಳೆಯ ಹೆಂಚಿನ ಮಾಡಿನದು. ಕೋಣೆಗಳ ನಡುವಿನ ಗೋಡೆಗಳು ಮಾಡಿನವರೆಗೆ ಏರಿಲ್ಲವಾದ್ದರಿಂದ ಒಂದು ಕೋಣೆಯಲ್ಲಿ ಕೆಮ್ಮಿದರೆ ಮೂರನೆಯ ಕೋಣೆಯಿಂದ ಕಷಾಯ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಹಗಲು ತೋಟದ ಕೆಲಸ, ರಾತ್ರಿ ಊಟವಾದ ಮೇಲೆ ಮಲಯಾಳದ ಸುತ್ತೋಲೆ, ಅರ್ಜಿಗಳನ್ನು ಕನ್ನಡಕ್ಕೆ ತಂದು ಟೈಪಿಸುವ ಕೆಲಸ, ಇದು ನನ್ನ ದಿನಚರಿ. ಪ್ರತಿ ಕೀಲಿಯ ಅಡಿಯಲ್ಲೂ ಬಿಡಿ ಸ್ವಿಚ್ಚೊಂದಿರುವ ಮೆಕ್ಯಾನಿಕಲ್ ಕೀಲಿಮಣೆ ಬಂದಾಗ ನನ್ನ ಬೆರಳುಗಳಿಗೆ ಸಿಕ್ಕಿದ ಸುಖದಷ್ಟೇ ಕಾಟ ಮನೆಯವರ ನಿದ್ದೆಗೂ ಸಿಕ್ಕಿತು. “ಇರುಳಿಡೀ ಯಾರೋ ಅಡಿಕೆ ಸುಲಿದ ಹಾಗೆ ಕೇಳ್ತದೆ ಮಗಾ” ಎಂದು ಅಜ್ಜಿ ಒಂದು ಬೆಳಗ್ಗೆ ಹೇಳಿದ ಮೇಲೆ ಸದ್ದಿಲ್ಲದ ಸ್ವಿಚ್ಚುಗಳ ಹುಡುಕಾಟ ತೊಡಗಿತು. ಅಲ್ಲಿಂದ ಈವರೆಗೆ ನಾಲ್ಕು ಬಗೆಯ ಸೈಲೆಂಟ್ ಲೀನಿಯರ್ ಸ್ವಿಚ್ಚುಗಳನ್ನು ಬಳಸಿದ್ದೇನೆ. ಮಾರಾಟದ ಪುಟಗಳಲ್ಲಿರುವ ವಿವರಗಳು ಇಂಗ್ಲಿಷ್ ಟೈಪಿಸುವವರನ್ನೋ ಆಟ ಆಡುವವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡ ಟೈಪಿಸುವವರು ಅವನ್ನು ತುಸು ಬೇರೆಯಾಗಿ ಓದಬೇಕಾಗುತ್ತದೆ ಎಂಬುದು ಈ ಹುಡುಕಾಟದಲ್ಲಿ ನನಗೆ ತಿಳಿದ ಸಂಗತಿ.

ಸದ್ದು ಹುಟ್ಟುವ ಜಾಗ

ಇಂದು ಮಾರುಕಟ್ಟೆಯಲ್ಲಿರುವ ಹೆಚ್ಚಿನ ಮೆಕ್ಯಾನಿಕಲ್ ಸ್ವಿಚ್ಚುಗಳು ಜರ್ಮನಿಯ ಚೆರ್ರಿ ಕಂಪೆನಿ 1980ರ ದಶಕದಲ್ಲಿ ಹೊರತಂದ ಎಂಎಕ್ಸ್ ಮಾದರಿಯನ್ನು ಅನುಸರಿಸುತ್ತವೆ. ಮೂಲ ಪೇಟೆಂಟಿನ ಅವಧಿ ಮುಗಿದ ಬಳಿಕ ಗೇಟೆರಾನ್, ಕೈಲ್, ಔಟೆಮು, ಟಿಟಿಸಿ ಮುಂತಾದ ಚೀನೀ ತಯಾರಕರು ಅದೇ ಅಳತೆಯಲ್ಲಿ ತಮ್ಮವನ್ನು ಮಾಡತೊಡಗಿದರು. ಎಲ್ಲದರ ಒಳರಚನೆಯೂ ಸ್ಥೂಲವಾಗಿ ಒಂದೇ. ಕೆಳಗೊಂದು, ಮೇಲೊಂದು ಪ್ಲಾಸ್ಟಿಕ್ ಕವಚ, ನಡುವೆ ಮೇಲೆ ಕೆಳಗೆ ಜಾರುವ ಸ್ಟೆಮ್, ಅದರ ಅಡಿಯಲ್ಲಿ ಸ್ಪ್ರಿಂಗ್, ಬದಿಯಲ್ಲಿ ವಿದ್ಯುತ್ ಸಂಪರ್ಕ ಕೊಡುವ ತೆಳು ಲೋಹದ ಎಲೆ. ಒತ್ತುವಾಗ ನಡುವೆ ಟಿಕ್ ಎನ್ನುವಂಥವು ಕ್ಲಿಕಿ, ಸದ್ದಿಲ್ಲದೆ ಒಂದು ತಡೆಯನ್ನು ಮಾತ್ರ ಬೆರಳಿಗೆ ತಿಳಿಸುವಂಥವು ಟ್ಯಾಕ್ಟೈಲ್, ಯಾವ ತಡೆಯೂ ಇಲ್ಲದೆ ನೇರವಾಗಿ ಇಳಿಯುವಂಥವು ಲೀನಿಯರ್.

ಇಲ್ಲಿ ಹಲವರು ಮೋಸ ಹೋಗುತ್ತಾರೆ. ಲೀನಿಯರ್ ಎಂದರೆ ಸದ್ದಿಲ್ಲದ್ದು ಎಂದು ತಿಳಿದು ಕೆಂಪು ಸ್ವಿಚ್ ತರಿಸಿಕೊಂಡರೆ ಟಿಕ್ ಸದ್ದು ಹೋಗುತ್ತದೆ, ಆದರೆ ಸ್ಟೆಮ್ ಕೆಳಗೆ ಇಳಿದು ಕವಚದ ತಳಕ್ಕೆ ಬಡಿಯುವ ಸದ್ದು ಹಾಗೆಯೇ ಉಳಿಯುತ್ತದೆ. ಬೆರಳು ಎತ್ತಿದಾಗ ಸ್ಪ್ರಿಂಗ್ ಅದನ್ನು ಮೇಲಿನ ಕವಚಕ್ಕೆ ಬಡಿಸುವ ಇನ್ನೊಂದು ಸದ್ದೂ ಉಳಿಯುತ್ತದೆ. ಗೋಡೆಯಾಚೆ ಮಲಗಿದವರನ್ನು ಎಬ್ಬಿಸುವುದು ಹೆಚ್ಚಾಗಿ ಈ ಎರಡನೆಯದೇ, ಏಕೆಂದರೆ ಅದು ಚುರುಕಾದ, ಮೊನಚಾದ ಸದ್ದು. ನೀವು ಎಷ್ಟೇ ಮೆತ್ತಗೆ ಒತ್ತಿದರೂ ಮೇಲಕ್ಕೆ ಹಾರುವ ಸ್ಟೆಮ್ ನಿಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ಕೊಳ್ಳುವಾಗ ಲೀನಿಯರ್ ಎಂಬ ಪದದ ಜತೆಗೆ ಸೈಲೆಂಟ್ ಎಂಬ ಪದವೂ ಇರಬೇಕು. ಸೈಲೆಂಟ್ ಸ್ವಿಚ್ಚಿನ ಸ್ಟೆಮ್ಮಿನಲ್ಲಿ ಮೇಲೂ ಕೆಳಗೂ ರಬ್ಬರಿನಂಥ ಮೃದು ಪದಾರ್ಥದ ಸಣ್ಣ ಮೆತ್ತೆಗಳಿರುತ್ತವೆ, ಎರಡೂ ಬಡಿತಗಳನ್ನು ಅವೇ ನುಂಗುತ್ತವೆ.

ಈ ಮೆತ್ತೆಗೆ ಜಾಗ ಬೇಕು. ಚೆರ್ರಿಯ ಸಾಮಾನ್ಯ ಲೀನಿಯರ್ ಸ್ವಿಚ್ಚಾದ ಎಂಎಕ್ಸ್ ರೆಡ್ ಒಟ್ಟು 4 ಮಿ.ಮೀ. ಇಳಿಯುತ್ತದೆ, 2 ಮಿ.ಮೀ. ಇಳಿದಾಗ ಅಕ್ಷರ ಮೂಡುತ್ತದೆ. ಅದರ ಸೈಲೆಂಟ್ ರೂಪದಲ್ಲಿ ಒಟ್ಟು ಇಳಿತ 3.7 ಮಿ.ಮೀ., ಅಕ್ಷರ ಮೂಡುವುದು 1.9 ಮಿ.ಮೀ.ನಲ್ಲಿ. ಅಂಕಿಗಳಲ್ಲಿ ಇದು ಕೂದಲೆಳೆಯ ಅಂತರ, ಬೆರಳಿಗೆ ಹಾಗಲ್ಲ. ತಳ ಮುಟ್ಟಿದಾಗ ಗಟ್ಟಿ ನೆಲದ ಬದಲು ಒದ್ದೆ ಮಣ್ಣನ್ನು ಮೆಟ್ಟಿದಂತೆ ಆಗುತ್ತದೆ. ಕೆಲವರಿಗೆ ಇದು ಒಂದು ವಾರದಲ್ಲಿ ಒಗ್ಗುತ್ತದೆ, ಕೆಲವರಿಗೆ ಎಂದಿಗೂ ಒಗ್ಗುವುದಿಲ್ಲ. ಒಗ್ಗದವರು ಕಡಿಮೆ ಮೆತ್ತಗಿನ ಮೆತ್ತೆಯಿರುವ ಸ್ವಿಚ್ಚನ್ನು ಹುಡುಕಬೇಕೇ ಹೊರತು ಸೈಲೆಂಟ್ ಜಾತಿಯನ್ನೇ ಬಿಡಬೇಕಾಗಿಲ್ಲ.

ತೂಕ: ಕನ್ನಡಕ್ಕೆ ಬೇರೆಯದೇ ಲೆಕ್ಕ

ಆಯ್ಕೆಯಲ್ಲಿ ಅತಿ ಹೆಚ್ಚು ಯೋಚಿಸಬೇಕಾದದ್ದು ಸ್ಪ್ರಿಂಗಿನ ಬಿಗುವಿನ ಬಗ್ಗೆ. ಜನಪ್ರಿಯ ಸಲಹೆಯೆಂದರೆ ಹಗುರವಾದುದನ್ನು ತೆಗೆದುಕೊಳ್ಳಿ, ಬೆರಳು ದಣಿಯುವುದಿಲ್ಲ ಎಂಬುದು. ನಾನೂ ಮೊದಲು ಹಾಗೆಯೇ ಮಾಡಿದೆ, ಮತ್ತು ಒಂದು ತಿಂಗಳ ಕಾಲ ನನ್ನ ಕಡತಗಳಲ್ಲಿ ‘ಕರಡಿ’ಗಳು ‘ಕರ್ಡಿ’ಗಳಾದವು, ‘ಮಗನು’ ‘ಮಗ್ನು’ ಆದನು.

ಕಾರಣ ಸರಳ. ಭಾರತೀಯ ಲಿಪಿಗಳಿಗೆ ಒಂದೇ ಬಗೆಯಲ್ಲಿ ಕೀಲಿ ಹಂಚುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒತ್ತಕ್ಷರ ಮಾಡುವ ಹಲಂತವಿರುವುದು ಇಂಗ್ಲಿಷಿನ ಡಿ ಕೀಲಿಯಲ್ಲಿ, ಎಡಗೈಯ ನಡುಬೆರಳು ಸದಾ ವಿಶ್ರಮಿಸುವ ಜಾಗದಲ್ಲಿ. ನುಡಿ ತಂತ್ರಾಂಶದ ಮೂಲಕ ಮನೆಮಾತಾದ, ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಅದು ಎಫ್ ಕೀಲಿಯಲ್ಲಿ, ಎಡಗೈಯ ತೋರುಬೆರಳು ವಿಶ್ರಮಿಸುವ ಜಾಗದಲ್ಲಿ. ಯಾವ ವಿನ್ಯಾಸ ಹಿಡಿದರೂ ಹಲಂತದ ಮೇಲೆ ಒಂದು ಬೆರಳು ಕುಳಿತೇ ಇರುತ್ತದೆ. ಲೀನಿಯರ್ ಸ್ವಿಚ್ಚಿನಲ್ಲಿ ಬೆರಳನ್ನು ಎಚ್ಚರಿಸುವ ತಡೆಯಿಲ್ಲ. ಸ್ಪ್ರಿಂಗೂ ಸಡಿಲವಾಗಿದ್ದರೆ ಕೈಯ ಭಾರಕ್ಕೇ ಅದು ಒತ್ತಿಹೋಗುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚುವರಿ ಅಕ್ಷರ ಬಂದರೆ ಕಣ್ಣಿಗೆ ಕುಕ್ಕುತ್ತದೆ. ಕನ್ನಡದಲ್ಲಿ ಹೆಚ್ಚುವರಿ ಹಲಂತ ಎರಡು ಅಕ್ಷರಗಳನ್ನು ಬೆಸೆದು ತಾನು ಮಾಯವಾಗುತ್ತದೆ, ಕರಡು ತಿದ್ದುವವರ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ. ಕಾಸರಗೋಡಿನಲ್ಲಿ ನಮ್ಮಂತೆ ಒಂದೇ ಕೀಲಿಮಣೆಯಲ್ಲಿ ಕನ್ನಡವನ್ನೂ ಮಲಯಾಳವನ್ನೂ ಟೈಪಿಸುವವರಿಗೆ ಇನ್‌ಸ್ಕ್ರಿಪ್ಟ್ ದೊಡ್ಡ ಅನುಕೂಲ, ಎರಡು ಲಿಪಿಗಳಲ್ಲೂ ಕಕಾರ ಅದೇ ಕೀಲಿ, ಹಲಂತ ಅದೇ ಕೀಲಿ. ಹಾಗಾಗಿ ಈ ತಪ್ಪೂ ಎರಡು ಭಾಷೆಗಳಿಗೆ ಸಮನಾಗಿ ಹಂಚಿಹೋಗುತ್ತದೆ.

ಇನ್ನು ಅಂಕಿಗಳನ್ನು ಓದುವ ಬಗೆ. ಸ್ವಿಚ್ಚಿಗೆ ಎರಡು ಬಿಗುವುಗಳಿರುತ್ತವೆ: ಅಕ್ಷರ ಮೂಡುವ ಹಂತದ್ದು ಒಂದು, ತಳ ಮುಟ್ಟುವ ಹಂತದ್ದು ಇನ್ನೊಂದು, ಅದು ಸಹಜವಾಗಿಯೇ ಹೆಚ್ಚು. ಚೆರ್ರಿ ಕಂಪೆನಿ ಸೈಲೆಂಟ್ ರೆಡ್‌ಗೆ 45, ಸೈಲೆಂಟ್ ಬ್ಲ್ಯಾಕ್‌ಗೆ 60 ಸೆಂಟಿನ್ಯೂಟನ್ ಎಂದು ಕೊಡುವುದು ಮೊದಲನೆಯ ಲೆಕ್ಕದಲ್ಲಿ. ಗಾಝ್ಯೂ ಹೆಸರಿನಲ್ಲಿ ಬರುವ ಬೋಬಾಗಮ್ ಎಂಬ ಸೈಲೆಂಟ್ ಲೀನಿಯರ್ ಸ್ವಿಚ್ಚಿನಂಥವುಗಳಲ್ಲಿ ಕಾಣುವ 52, 62, 68 ಗ್ರಾಂ ಎಂಬುದು ತಳ ಮುಟ್ಟುವ ಲೆಕ್ಕ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಿದರೆ ದಾರಿ ತಪ್ಪುತ್ತೀರಿ. 62 ಎಂದು ಬರೆದ ಬೋಬಾಗಮ್ 60 ಎಂದು ಬರೆದ ಸೈಲೆಂಟ್ ಬ್ಲ್ಯಾಕಿಗಿಂತ ಹಗುರವಾಗಿಯೇ ಇರುತ್ತದೆ. ಸೆಂಟಿನ್ಯೂಟನ್ ಮತ್ತು ಗ್ರಾಂಗಳ ನಡುವಿನ ವ್ಯತ್ಯಾಸ ಶೇಕಡಾ ಎರಡರಷ್ಟೇ ಆದ್ದರಿಂದ ಅದನ್ನು ಮರೆತುಬಿಡಬಹುದು.

ಅಂಕಿಗಳ ಮೇಲೆ ನಂಬಿಕೆಯಿಲ್ಲದಿದ್ದರೆ ಮನೆಯಲ್ಲೇ ತೂಗಬಹುದು. ಎರಡು ಬಣ್ಣದ 10 ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಪರೀಕ್ಷಿಸುವ ಕೀಲಿಯ ಸುತ್ತಲಿನ ಕೀಕ್ಯಾಪುಗಳನ್ನು, ಅಂದರೆ ಸ್ವಿಚ್ಚಿನ ಮೇಲಿರುವ ಅಕ್ಷರದ ಟೊಪ್ಪಿಗಳನ್ನು, ತೆಗೆದಿಟ್ಟು, ಪರದೆಯ ಮೇಲೆ ಬರೆಹದ ಕಡತವೊಂದನ್ನು ತೆರೆದು, ನಾಣ್ಯಗಳನ್ನು ಒಂದರ ಮೇಲೊಂದು ನಿಧಾನವಾಗಿ ಪೇರಿಸುತ್ತ ಹೋಗಿ. ಆರು ನಾಣ್ಯಗಳಿಗೆ ಅಕ್ಷರ ಮೂಡಿದರೆ ಅದು ಸೈಲೆಂಟ್ ರೆಡ್‌ನ ಆಸುಪಾಸಿನದು, ಎಂಟು ಬೇಕಾದರೆ ಸೈಲೆಂಟ್ ಬ್ಲ್ಯಾಕ್‌ನಂಥದು. ಕೀಕ್ಯಾಪಿನ ತೂಕವೂ ಸೇರುವುದರಿಂದ ಒಂದೆರಡು ಗ್ರಾಂ ಆಚೀಚೆಯಾದೀತು, ಅಷ್ಟೆ. ಈಗ ನೀವು ಬಳಸುತ್ತಿರುವ ಕೀಲಿಮಣೆಯನ್ನು ಮೊದಲು ಹೀಗೆ ತೂಗಿ ನೋಡಿ. ಹೊಸದು ಹಗುರವಾಗಿರಬೇಕೇ ಬಿಗಿಯಾಗಿರಬೇಕೇ ಎಂಬುದನ್ನು ಆಮೇಲೆ ನಿಮ್ಮ ಬೆರಳೇ ಹೇಳುತ್ತದೆ.

ದಿನಕ್ಕೆ ನಾಲ್ಕೈದು ಪುಟ ಕನ್ನಡ ಟೈಪಿಸುವವರಿಗೆ ಅಕ್ಷರ ಮೂಡುವ ಹಂತದಲ್ಲಿ 45ರಿಂದ 55 ಗ್ರಾಂ ಇರುವುದು ಸರಿಯೆಂದು ನನ್ನ ಅಭಿಪ್ರಾಯ. ಹಗುರವಾದದ್ದೇ ಬೇಕು ಎನ್ನುವವರಿಗೆ ಒಂದು ಉಪಾಯವಿದೆ. ಸ್ವಿಚ್ಚು ಬದಲಿಸಬಹುದಾದ ಕೀಲಿಮಣೆಯಾದರೆ ಹಲಂತದ ಕೀಲಿಯೊಂದಕ್ಕೆ ಮಾತ್ರ ಅದೇ ಜಾತಿಯ ಬಿಗಿಯಾದ ಸ್ವಿಚ್ಚನ್ನು ಕೂರಿಸಬಹುದು. ನಾನು ಈಗಲೂ ಹಾಗೆಯೇ ಮಾಡಿಕೊಂಡಿದ್ದೇನೆ, ‘ಕರ್ಡಿ’ಗಳು ಕಾಡಿಗೆ ಹೋಗಿವೆ.

ಹೆಸರುಗಳ ಗೊಂದಲ

ಬಣ್ಣಕ್ಕೂ ಗುಣಕ್ಕೂ ಎಲ್ಲ ಕಂಪೆನಿಗಳಿಗೂ ಒಪ್ಪುವ ನಿಯಮ ಯಾವುದೂ ಇಲ್ಲ. ಕೆಂಪು ಬಹುಮಟ್ಟಿಗೆ ಲೀನಿಯರ್, ಕಂದು ಟ್ಯಾಕ್ಟೈಲ್, ನೀಲಿ ಕ್ಲಿಕಿ ಎಂಬ ವಾಡಿಕೆ ಹಳೆಯ ಸ್ವಿಚ್ಚುಗಳ ಮಟ್ಟಿಗೆ ನಡೆಯುತ್ತದೆ. ಹೊಸವುಗಳಿಗೆ ಹಣ್ಣು, ಪ್ರಾಣಿಗಳ ಹೆಸರಿಟ್ಟ ಮೇಲೆ ಅದೂ ಕೈಕೊಡುತ್ತದೆ. ಔಟೆಮು ಕಂಪೆನಿಯ ಸೈಲೆಂಟ್ ಪೀಚ್ ಲೀನಿಯರ್, ಸೈಲೆಂಟ್ ಲೆಮನ್ ಟ್ಯಾಕ್ಟೈಲ್. ಡ್ಯುರಾಕ್ ಡಾಲ್ಫಿನ್ ಸೈಲೆಂಟ್ ಲೀನಿಯರ್, ಅದೇ ಮನೆಯ ಶ್ರಿಂಪ್ ಸೈಲೆಂಟ್ ಟ್ಯಾಕ್ಟೈಲ್. ಎಲ್ಲಕ್ಕಿಂತ ಹೆಚ್ಚು ಜನರನ್ನು ಎಡವಿಸುವುದು ಬೋಬಾ ಕುಟುಂಬ: ಬೋಬಾಗಮ್ ಎಂದರೆ ಸೈಲೆಂಟ್ ಲೀನಿಯರ್, ಯು4 ಎಂದರೆ ಸೈಲೆಂಟ್ ಟ್ಯಾಕ್ಟೈಲ್, ಅದರ ಮುಂದೆ ಟಿ ಸೇರಿ ಯು4ಟಿ ಆದರೆ ಟ್ಯಾಕ್ಟೈಲ್ ಮಾತ್ರ, ಸದ್ದು ಧಾರಾಳ. ಒಂದು ಅಕ್ಷರದ ಅವಸರದಲ್ಲಿ ಎಪ್ಪತ್ತು ಸ್ವಿಚ್ಚುಗಳು ವ್ಯರ್ಥವಾಗಬಹುದು.

ಇವುಗಳಲ್ಲಿ ನನ್ನ ಒಲವು ಬೋಬಾಗಮ್ ಕಡೆಗೆ. ಅದರ ಮೆತ್ತೆ ಸದ್ದನ್ನು ಚೆನ್ನಾಗಿ ನುಂಗಿದರೂ ತಳದಲ್ಲಿ ಕೆಸರಿನ ಅನುಭವ ಕಡಿಮೆ. ಬೆಲೆ ಮುಖ್ಯವಾದವರಿಗೆ ಸೈಲೆಂಟ್ ಪೀಚ್ ಸಾಕು. ಕೈಲ್ ಬಾಕ್ಸ್ ಸೈಲೆಂಟ್ ಪಿಂಕ್‌ನ ಸಂಪರ್ಕ ಭಾಗಕ್ಕೆ ದೂಳು, ನೀರ ಹನಿಗಳಿಂದ ರಕ್ಷಣೆ ಕೊಡುವ ಪೆಟ್ಟಿಗೆಯಂಥ ರಚನೆಯಿರುವುದು ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ, ಆದರೆ ಅದರ ಬಿಗುವು 35 ಗ್ರಾಂ ಆಸುಪಾಸು. ಹಲಂತದ ಕಥೆ ಮೇಲೆ ಹೇಳಿಯಾಗಿದೆ.

ಎಪ್ಪತ್ತು ಸ್ವಿಚ್ಚುಗಳನ್ನು ಒಮ್ಮೆಗೇ ಕೊಳ್ಳುವ ಮೊದಲು ಹತ್ತನ್ನು ತರಿಸಿ. ಬಿಡಿ ಸ್ವಿಚ್ಚುಗಳನ್ನು ಒತ್ತಿ ನೋಡಿ ಆರಿಸುವ ಅಂಗಡಿ ಕಾಸರಗೋಡಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ, ಮಂಗಳೂರಿನಲ್ಲೂ ಇಡೀ ಕೀಲಿಮಣೆಗಳನ್ನಷ್ಟೇ ಕಂಡಿದ್ದೇನೆ. ಹತ್ತು ಹತ್ತರ ಪೊಟ್ಟಣಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವನ್ನು ಬೆರಳುಗಳು ವಿಶ್ರಮಿಸುವ ನಡುಸಾಲಿಗೂ ಎಡ ಶಿಫ್ಟಿಗೂ ಸ್ಪೇಸಿಗೂ ಕೂರಿಸಿ ಒಂದು ವಾರ ನಿಮ್ಮ ಎಂದಿನ ಕೆಲಸ ಮಾಡಿ. ಒಂದೇ ಸ್ವಿಚ್ಚನ್ನು ಬೆರಳ ತುದಿಯಲ್ಲಿ ಹಿಡಿದು ಒತ್ತಿದಾಗ ಕೇಳುವುದಕ್ಕೂ ಕೀಲಿಮಣೆಯಲ್ಲಿ ಕೇಳುವುದಕ್ಕೂ ಬಹಳ ಅಂತರವಿದೆ. ಈ ಪರೀಕ್ಷೆಯನ್ನು ಆಟಿ ತಿಂಗಳಲ್ಲಿ ಮಾಡಬೇಡಿ. ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಬೆರಳಚ್ಚು ಯಂತ್ರವೂ ಸೈಲೆಂಟ್ ಆಗಿಯೇ ತೋರುತ್ತದೆ.

ಕೂರುವುದೋ ಇಲ್ಲವೋ

ಈ ಭಾಗ ಒಣ ವಿವರ, ಆದರೆ ಇದನ್ನು ಬಿಟ್ಟರೆ ದುಡ್ಡು ಹೋಗುತ್ತದೆ. ಕೀಲಿಮಣೆ ಹಾಟ್‌ಸ್ವಾಪ್ ಆಗಿದ್ದರೆ ಸ್ವಿಚ್ಚನ್ನು ಎಳೆದು ತೆಗೆದು ಇನ್ನೊಂದನ್ನು ಒತ್ತಿ ಕೂರಿಸಬಹುದು, ಇಲ್ಲವಾದರೆ ಪ್ರತಿಯೊಂದರ ಬೆಸುಗೆಯನ್ನೂ ಬಿಡಿಸಬೇಕು. ಆಪ್ಟಿಕಲ್ ಮತ್ತು ಮ್ಯಾಗ್ನೆಟಿಕ್ ಕೀಲಿಮಣೆಗಳು ಬೇರೆ ತತ್ವದ ಮೇಲೆ ನಡೆಯುವಂಥವು, ಅವುಗಳಿಗೆ ಇಲ್ಲಿ ಹೇಳಿದ ಯಾವುದೂ ಆಗುವುದಿಲ್ಲ. ತೆಳ್ಳಗಿನ ಲೋ ಪ್ರೊಫೈಲ್ ಕೀಲಿಮಣೆಗಳಿಗೂ ಆಗುವುದಿಲ್ಲ. ಅಗ್ಗದ ಕೆಲವು ಹಾಟ್‌ಸ್ವಾಪ್ ಕೀಲಿಮಣೆಗಳ ತೂತುಗಳು ಔಟೆಮು ಸ್ವಿಚ್ಚಿನ ಸಪೂರ ಪಿನ್ನುಗಳಿಗೆ ತಕ್ಕಂತೆ ಕಿರಿದಾಗಿರುತ್ತವೆ, ಉಳಿದವರ ಪಿನ್ನು ಅಲ್ಲಿ ಹೋಗದು. ಕಾಲುಗಳ ಲೆಕ್ಕಕ್ಕೆ ಬಂದರೆ, ಮೂರು ಕಾಲಿನ ಸ್ವಿಚ್ಚು ಮೂರು ತೂತಿನ ಕಡೆಯೂ ಐದು ತೂತಿನ ಕಡೆಯೂ ಕೂರುತ್ತದೆ. ಐದು ಕಾಲಿನದ್ದನ್ನು ಮೂರು ತೂತಿನ ಕಡೆ ಕೂರಿಸಬೇಕಾದರೆ ಹೆಚ್ಚುವರಿಯಾಗಿರುವ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿದರಾಯಿತು, ಲೋಹದ ಪಿನ್ನುಗಳನ್ನು ಮಾತ್ರ ಮುಟ್ಟಬಾರದು. ಒತ್ತುವ ಮೊದಲು ಎರಡೂ ಪಿನ್ನುಗಳು ನೆಟ್ಟಗಿವೆಯೇ ನೋಡಿ, ಸ್ವಿಚ್ಚನ್ನು ನೇರವಾಗಿ ಇಳಿಸಿ. ಕೀಲಿಮಣೆ ಬಿಚ್ಚಿದ ಸ್ಥಿತಿಯಲ್ಲಿದ್ದರೆ ಸಾಕೆಟ್ ಕಿತ್ತುಬರದಂತೆ ಅಡಿಯಿಂದ ಬೆರಳಿನ ಆಧಾರ ಕೊಡಿ. ಕೂರಿಸಿದ ಮೇಲೆ ಒಂದು ಕೀಲಿ ಕೆಲಸ ಮಾಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಪಿನ್ನು ಒಳಗೆ ಮಡಿಚಿಕೊಂಡಿರುತ್ತದೆ; ಹೊರತೆಗೆದು ಚಿಮಟದಿಂದ ನೆಟ್ಟಗೆ ಮಾಡಿ ಮತ್ತೆ ಹಾಕಿ.

ಶಿಫ್ಟ್ ಎಂಬ ಗದ್ದಲಗಾರ

ಎಲ್ಲ ಸ್ವಿಚ್ಚುಗಳನ್ನೂ ಬದಲಿಸಿದ ರಾತ್ರಿ ನನಗೆ ಆಶ್ಚರ್ಯವಾದ ಸಂಗತಿಯೆಂದರೆ, ಕೀಲಿಮಣೆ ಸುಮ್ಮನಾಗಿತ್ತು, ಆದರೆ ಎರಡು ಮೂರು ಅಕ್ಷರಗಳಿಗೊಮ್ಮೆ ಗಿಲಕಿಯಂಥ ಸದ್ದೊಂದು ಎದ್ದು ಕೇಳುತ್ತಿತ್ತು. ಮೊದಲೂ ಇದ್ದ ಸದ್ದೇ ಅದು. ಸುತ್ತಲಿನ ಗದ್ದಲ ಅಡಗಿದಾಗ ಒಂಟಿಯಾಗಿ ಸಿಕ್ಕಿಬಿದ್ದಿತ್ತು.

ಉದ್ದದ ಕೀಲಿಗಳು, ಅಂದರೆ ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್ ಮತ್ತು ಶಿಫ್ಟ್‌ಗಳು, ವಾಲದೆ ಇಳಿಯಲೆಂದು ಅವುಗಳ ಅಡಿಯಲ್ಲಿ ಸ್ಟೆಬಿಲೈಸರ್ ಎಂಬ ತಂತಿಯ ಜೋಡಣೆಯಿರುತ್ತದೆ. ತಂತಿ ಸಡಿಲವಾಗಿದ್ದರೆ ಗಿಲಗಿಲ ಎನ್ನುತ್ತದೆ, ಸೈಲೆಂಟ್ ಸ್ವಿಚ್ಚು ಇದಕ್ಕೆ ಏನೂ ಮಾಡಲಾರದು. ಇಂಗ್ಲಿಷಿನವರಿಗೆ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಿಗೊಮ್ಮೆ, ಹೆಸರು ಬಂದಾಗಲೊಮ್ಮೆ. ನಮಗೆ ಮಹಾಪ್ರಾಣ ಬಂದರೆ ಶಿಫ್ಟ್, ಣಕಾರಕ್ಕೆ ಶಿಫ್ಟ್, ಶಕಾರಕ್ಕೆ ಶಿಫ್ಟ್, ‘ಗಳು’ ಎಂಬ ಬಹುವಚನದ ಳಕಾರಕ್ಕೂ ಶಿಫ್ಟ್. ಇನ್‌ಸ್ಕ್ರಿಪ್ಟಿನಲ್ಲಿ ಪದದ ಮೊದಲ ಸ್ವರಕ್ಕೂ ಅದೇ ಬೇಕು. ಕನ್ನಡದವನು ಕೊಳ್ಳುವ ಕೀಲಿಮಣೆಯಲ್ಲಿ ಶಿಫ್ಟಿನ ಸ್ಟೆಬಿಲೈಸರ್ ಸ್ವಿಚ್ಚಿನಷ್ಟೇ ಮುಖ್ಯ ಎಂದು ನಾನು ಹೇಳುವುದು ಇದಕ್ಕಾಗಿ. ಕೀಕ್ಯಾಪು ತೆಗೆದು, ತಂತಿಯ ತುದಿಗಳು ಪ್ಲಾಸ್ಟಿಕ್ಕಿನೊಳಗೆ ಸೇರುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸನ್ನು ಟೂತ್‌ಪಿಕ್ಕಿನಿಂದ ತುಂಬಿದರೆ ಹೆಚ್ಚಿನ ಗಿಲಕಿ ಸದ್ದು ಅಲ್ಲಿಗೇ ನಿಲ್ಲುತ್ತದೆ. ಹೊಸ ಕೀಲಿಮಣೆ ಕೊಳ್ಳುವವರು ಇನ್ನೊಂದನ್ನೂ ಗಮನಿಸಬಹುದು: ಶೇಕಡಾ 65ರ ಅಳತೆಯ ಸಣ್ಣ ಕೀಲಿಮಣೆಗಳಲ್ಲಿ ಬಲ ಶಿಫ್ಟ್ ಗಿಡ್ಡವಾಗಿದ್ದು ಅದಕ್ಕೆ ಸ್ಟೆಬಿಲೈಸರೇ ಇರುವುದಿಲ್ಲ, ಹಾಗಾಗಿ ಅದು ಸಹಜವಾಗಿಯೇ ಮೌನಿ.

ಸ್ವಿಚ್ಚಿಗೆ ಎಣ್ಣೆ ಹಚ್ಚುವ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಈಗಿನ ಹಲವು ಸೈಲೆಂಟ್ ಸ್ವಿಚ್ಚುಗಳು ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿಸಿಕೊಂಡು ಬರುತ್ತವೆ, ಅವನ್ನು ಬಿಚ್ಚಬೇಕಾಗಿಲ್ಲ. ಹಚ್ಚಲೇಬೇಕೆಂದರೆ ಕ್ರೈಟಾಕ್ಸ್ 205ಜಿ0 ಎಂಬ ಗ್ರೀಸನ್ನು ಸಣ್ಣ ಕುಂಚದಿಂದ ಸ್ಟೆಮ್ ಜಾರುವ ಬದಿಗಳಿಗೆ ಮಾತ್ರ, ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ಹಚ್ಚಬೇಕು. ಮೆತ್ತೆಗಳಿಗೆ ತಾಗಿಸಬಾರದು. ನಾನು ಉತ್ಸಾಹದಲ್ಲಿ ಮೆತ್ತೆಗೂ ಬಳಿದು, ಕೀಲಿ ಏಳುವಾಗ ಬಾಯಿ ಚಪ್ಪರಿಸಿದಂಥ ಹೊಸ ಸದ್ದನ್ನು ಸಂಪಾದಿಸಿಕೊಂಡೆ. ಹತ್ತು ಸ್ವಿಚ್ಚುಗಳನ್ನು ಬಿಚ್ಚಿ ಒರೆಸುವುದರಲ್ಲಿ ಒಂದು ಭಾನುವಾರ ಕಳೆಯಿತು. ಬಾಗಿಲ ತಿರುಗಣೆಯಿಂದ ಹಿಡಿದು ತಲೆಗೂದಲಿನವರೆಗೆ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದೆಂದು ನಂಬಿರುವ ಊರು ನಮ್ಮದು, ಆದರೂ ಇಲ್ಲಿ ಅದು ಬೇಡ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದಾಗ ಅಂಟಾಗಿ ದೂಳು ಹಿಡಿಯುತ್ತದೆ.

ಉಳಿದ ಸದ್ದು ಮೇಜಿನದು. ಹಲಗೆಯ ನೆಲದ ಮಾಳಿಗೆಯಲ್ಲಿ, ಮರದ ಮೇಜಿನ ಮೇಲೆ ಕೀಲಿಮಣೆ ಇಟ್ಟರೆ ಬೆರಳಿನ ಬಡಿತ ಕಾಲುಗಳ ಮೂಲಕ ಇಳಿದು ಕೆಳಗಿನ ಕೋಣೆಗೆ ತಮಟೆಯಾಗಿ ಮುಟ್ಟುತ್ತದೆ. ಡೆಸ್ಕ್ ಮ್ಯಾಟ್ ಇದ್ದರೆ ಒಳ್ಳೆಯದು, ಇಲ್ಲವಾದರೆ ನಾಲ್ಕು ಮಡಿಕೆ ಮಾಡಿದ ಹಳೆಯ ಬೈರಾಸು ಅಷ್ಟೇ ಕೆಲಸ ಮಾಡುತ್ತದೆ. ಸ್ವಿಚ್ಚಿಗೆ ದುಡ್ಡು ಹಾಕುವ ಮೊದಲೇ ಇದೊಂದನ್ನು ಮಾಡಿ ನೋಡುವುದು ಜಾಣತನ, ಏಕೆಂದರೆ ಕೆಲವರ ತೊಂದರೆ ಅಲ್ಲಿಗೇ ಮುಗಿದುಹೋಗಬಹುದು.

ಮಳೆಗಾಲದ ಎಚ್ಚರ

ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ, ಕಡಲ ಗಾಳಿ ಬೀಸುವ ಜಿಲ್ಲೆಯಲ್ಲಿ ಲೋಹದ ಸಂಪರ್ಕಗಳು ಸುಖವಾಗಿರುವುದಿಲ್ಲ. ಒಂದು ಸಲ ಒತ್ತಿದರೆ ಅಕ್ಷರ ಎರಡು ಸಲ ಬೀಳತೊಡಗಿದರೆ ಒಳಗಿನ ಎಲೆ ಕೆಟ್ಟಿದೆಯೆಂದೇ ಹೆಚ್ಚಾಗಿ ಅರ್ಥ. ಸೈಲೆಂಟ್ ಸ್ವಿಚ್ಚಿನಲ್ಲಿ ಇದು ಕಿವಿಗೆ ತಿಳಿಯುವುದಿಲ್ಲ, ‘ನನ’ ‘ನನನ’ ಆದಾಗ ಕಣ್ಣಿಗೆ ಬೀಳಬೇಕಷ್ಟೆ. ಹಾಟ್‌ಸ್ವಾಪ್ ಆದರೆ ಆ ಒಂದು ಸ್ವಿಚ್ಚನ್ನು ಬದಲಿಸಿ ಕೆಲಸ ಮುಂದುವರಿಸಬಹುದು. ಅದಕ್ಕಾಗಿ ಬೇಕಾದುದಕ್ಕಿಂತ ಹತ್ತು ಸ್ವಿಚ್ಚುಗಳನ್ನು ಹೆಚ್ಚು ಕೊಳ್ಳಿ: 68 ಕೀಲಿಗಳ ಕೀಲಿಮಣೆಗೆ 80, 87ರದ್ದಕ್ಕೆ 100. ಮಿಕ್ಕವನ್ನು ಮೇಜಿನ ಖಾನೆಯಲ್ಲಿ ಬಿಡಿಯಾಗಿ ಚೆಲ್ಲದೆ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದರ ಜತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ, ಮತ್ತು ಡಬ್ಬಿಯ ಮೇಲೆ ಸ್ವಿಚ್ಚಿನ ಪೂರ್ತಿ ಹೆಸರನ್ನೂ ತೂಕವನ್ನೂ ಬರೆದಿಡಿ. ಎರಡು ಮಳೆಗಾಲ ಕಳೆದ ಮೇಲೆ ಅದು 52ರದ್ದೋ 62ರದ್ದೋ ನೆನಪಿರುವುದಿಲ್ಲ, ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.